ಮೊಣಕಾಲೆತ್ತರದ ಅಂಚು

ಜೂನ್ 27, ಶುಕ್ರವಾರ

ಗೊಬ್ಬರದ ಅಂಗಡಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಆರು ತಿಂಗಳು ಅಟ್ಟದ ಮೇಲೆ ಇಲಿ ಕಾಯುತ್ತಿತ್ತು. ಇವತ್ತು ಕೆಳಗಿಳಿಸಿದೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಊರಲ್ಲಿ ಯಾರಿಗೆ ಹೇಳಿದರೂ ಸಂಜೆಯೊಳಗೆ ಮಾತು ಡ್ಯಾಮಿನ ಆಚೆ ದಡ ಮುಟ್ಟುತ್ತದೆ. ಕಾಗದಕ್ಕೆ ಬಾಯಿಲ್ಲ, ಅಷ್ಟು ಪುಣ್ಯ.

ಮೀನುಗಾರರ ಸೊಸೈಟಿಯ ಅಧ್ಯಕ್ಷ ಶಂಭುಲಿಂಗಪ್ಪ ಬೆಳಿಗ್ಗೆ ತಾನೇ ಬಂದು ನೋಟೀಸು ಕೊಟ್ಟ. ವರ್ಷವಿಡೀ ನೀರಿಗಿಳಿಯದ ಮನೆಯ ಮೀನಿನ ಪಾಸು ರದ್ದಂತೆ. ಜುಲೈ ಇಪ್ಪತ್ತಾರಕ್ಕೆ ಕಮಿಟಿಯವರು ದಡಕ್ಕೆ ಬರುತ್ತಾರೆ. ಪಾಸಿನವನಾಗಲಿ ಮನೆಯವರಾಗಲಿ ಅವರ ಕಣ್ಣೆದುರು ಡ್ಯಾಮಿನ ನೀರಿನ ನಡುವಿರುವ ಬಂಡೆ ಸುತ್ತಿ ಬಂದರೆ ಪಾಸು ಉಳಿಯುತ್ತದೆ, ಇಲ್ಲದಿದ್ದರೆ ಸಾಲಿನಲ್ಲಿ ಮುಂದಿರುವವರಿಗೆ. ಮುಂದಿರುವವನು ಯಾರು? ಅಧ್ಯಕ್ಷನ ಭಾಮೈದ ಸುನೀಲ್ ಕುಮಾರ್. ಬೈಕಿನ ಸೈಲೆನ್ಸರ್ ಕಿತ್ತು ಊರೆಲ್ಲ ಕಿವುಡು ಮಾಡುವುದು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲದವನು.

ನನ್ನ ಗಂಡ ಮಾದಣ್ಣ ಏನು ಮಾಡಿದ ಗೊತ್ತೆ? ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದ. ನೋಟೀಸನ್ನು ನಾನೇ ಓದಿ ಹೇಳಿದೆ. "ಊಂ" ಅಂದ. ಮತ್ತೆ ಬಿದಿರು ಸೀಳಿದ.

ಹೋದ ವರ್ಷ ಜುಲೈ ಹದಿನೆಂಟಕ್ಕೆ, ಆಷಾಢದ ಗಾಳಿಯಲ್ಲಿ, ಇವನೂ ಇವನ ದೊಡ್ಡಪ್ಪನ ಮಗ ದೊಡ್ಡಯ್ಯ ಭಾವನೂ ಬಲೆ ಎತ್ತಲು ಹೋದರು. ಕೆಂಪು ದೋಣಿ ಮಗುಚಿತು. ಭಾವ ಹೋದರು, ಇವನು ಬಂದ. ಬಂದವನು ಇನ್ನೂ ಬಂದಿಲ್ಲ. ಒಂದು ವರ್ಷದಿಂದ ನೀರಿನ ಕಡೆ ಮುಖ ಮಾಡಿಲ್ಲ, ನನ್ನ ಕಡೆಯೂ ಮಾಡಿಲ್ಲ. ಮಾತು ಬೆಳ್ಳಿ ಮೌನ ಬಂಗಾರವಂತೆ. ಈ ಮನೆಯಲ್ಲಿ ಒಂದು ವರ್ಷದ ಬಂಗಾರ ಬಿದ್ದಿದೆ, ಒಂದು ಹೊತ್ತಿನ ಮುದ್ದೆಗಾಗಲಿಲ್ಲ. ನಾನು ಹರವೆ ಕಡೆಯ ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೋಗುತ್ತೇನೆ. ಹರವೆ ನನ್ನ ತವರು. ತವರಿನವರ ಕಣ್ಣೆದುರು ಬುಟ್ಟಿ ಹೊತ್ತು ನಿಲ್ಲುವುದೆಂದರೆ ಏನೆಂದು ಈ ಮನುಷ್ಯನಿಗೆ ಏನು ಗೊತ್ತು.

ಇವನು ತಂದ ಆ ಕೆಂಪು ದೋಣಿ ಈಗ ಹುಣಸೆಮರದ ಕೆಳಗೆ ಬೋರಲು ಬಿದ್ದಿದೆ. ಅದರ ಮೇಲೆ ಕೋಳಿ ಮಲಗುತ್ತವೆ.

ಜೂನ್ 29, ಭಾನುವಾರ

ಮಗಳು ಪ್ರಿಯಾಂಕ ಚಾಮರಾಜನಗರದ ಹಾಸ್ಟೆಲ್ಲಿನಿಂದ ಬಂದಿದ್ದಳು. ಅವಳೆದುರಿಗೇ ಕೇಳಿಬಿಟ್ಟೆ.

"ಇಪ್ಪತ್ತಾರ್ನೇ ತಾರೀಕು ನೀರಿಗ ಇಳೀತೀಯೋ ಇಲ್ವೋ?"

"ಇಲ್ಲ ಕಣ."

"ಪಾಸು ಓದ್ರ ಏನ್ ಮಣ್ಣು ತಿನ್ನದಾ?"

ಸೀಳಿದ ಬಿದಿರನ್ನು ನೆನೆಹಾಕಿ ಬಗ್ಗಿಸುತ್ತಿದ್ದ. ತೆಪ್ಪ ಕಟ್ಟುತ್ತಾನಂತೆ! ಕಾಲ ಎಲ್ಲೋ ಹೋಗಿದೆ, ಇವನಿಗೆ ಮತ್ತೆ ಅಜ್ಜನ ಕಾಲದ ದುಂಡು ಬುಟ್ಟಿ ಬೇಕು. ನೀರಿಗಿಳಿಯದವನಿಗೆ ತೆಪ್ಪ ಯಾಕೆ, ತಲೆ ಮೇಲೆ ಹೊದ್ದುಕೊಳ್ಳಲಿಕ್ಕಾ?

"ನೀ ಇಳೀಬ್ಯಾಡ. ನಾನೇ ಇಳೀತೀನಿ. ನಿನ್ ಕೆಂಪು ದೋಣೀಲೇ ಓಗಿ ಬಂಡೆ ಸುತ್ಕಂಡ್ ಬತ್ತೀನಿ" ಅಂದೆ.

ಆಗ ಕೈ ನಿಂತಿತು. ತಲೆ ಎತ್ತಿ, "ಅದ್ರಲ್ಲಿ ಬ್ಯಾಡ" ಅಂದ. ಒಂದು ವರ್ಷದಲ್ಲಿ ಅವನು ನನಗೆ ಬೇಡ ಅಂದ ಮೊದಲ ಮಾತು. ಅಷ್ಟು ಸಾಕಾಯಿತು ನನಗೆ. ಇಳಿಯುವುದೇ ಸೈ.

ಬಸ್ಸಿಗೆ ಹೊರಟಾಗ ಪ್ರಿಯಾಂಕ ಕಣ್ಣೊರೆಸಿಕೊಂಡು, "ಅಪ್ಪನ್ನ ಬೈಬೇಡಮ್ಮ" ಅಂದಳು. ಎಲ್ಲರಿಗೂ ಅಪ್ಪನೇ ಪಾಪ. ಅಮ್ಮ ಕಲ್ಲು.

ಜುಲೈ 2, ಬುಧವಾರ

ದೋಣಿ ನಡೆಸುವುದು ಕಲಿಸಿ ಎಂದು ಮೂರು ಮನೆಯ ಗಂಡಸರನ್ನು ಕೇಳಿದೆ. ಒಬ್ಬನಿಗೆ ಸೊಂಟ ನೋವಂತೆ, ಒಬ್ಬನಿಗೆ ಜ್ವರವಂತೆ, ಇನ್ನೊಬ್ಬ ನಕ್ಕುಬಿಟ್ಟ. ಹರವೆಯ ಒಣಭೂಮಿಯಲ್ಲಿ ಹುಟ್ಟಿದವಳು, ಬಾವಿಯ ನೀರು ಬಿಟ್ಟು ಬೇರೆ ನೀರು ಕಾಣದೆ ಬೆಳೆದವಳು, ಇವಳಿಗೆ ದೋಣಿಯಂತೆ ಎಂದು ಅವನ ಹೆಂಡತಿ ಒಳಗಿನಿಂದ ಅಂದದ್ದು ಕೇಳಿಸಿತು.

ಸಂಜೆ ಗುರುಮಲ್ಲಕ್ಕ ಬಂದರು, ದೊಡ್ಡಯ್ಯ ಭಾವನ ಹೆಂಡತಿ. ಎದ್ದು ನಿಲ್ಲಲೋ ಒಳಗೆ ಓಡಲೋ ತಿಳಿಯಲಿಲ್ಲ. ಒಂದು ವರ್ಷದಲ್ಲಿ ಅವರು ನಮ್ಮ ಜಗುಲಿ ಹತ್ತಿದ್ದು ಇದೇ ಮೊದಲು. ನೀರು ಕೊಟ್ಟೆ. ಕುಡಿಯಲಿಲ್ಲ, ಚೊಂಬು ಕೈಯಲ್ಲಿ ಹಿಡಿದುಕೊಂಡೇ ಕೂತರು.

"ನೀರಿಗ ಇಳೀತೀಯಂತಲ್ಲ ಅಮ್ಮಿ."

"ಇನ್ನೇನ್ ಮಾಡ್ಲಕ್ಕ? ಮನೇಲಿರ ಗಂಡ್ಸು ಹಿಂಗವ್ನೆ."

"ನಾ ಕಲಿಸ್ತೀನಿ. ಇಪ್ಪತ್ತೊರ್ಸ ನಿಮ್ ಬಾವನ್ ಜೊತೇಲಿ ತೆಪ್ಪದಲ್ಲಿ ಓಗಿವ್ನಿ. ನಾಳ ಬೆಳಕರಿತಲೇ ಬಾ. ಕೆಂಪು ದೋಣೀನೇ ತಗಂಡ್ ಬಾ."

ನನ್ನ ಕಣ್ಣು ತುಂಬಿತು. ಗಂಡನನ್ನು ಕಳೆದುಕೊಂಡವರು, ಅದೇ ದೋಣಿಯಲ್ಲಿ. ಆದರೂ ಬಂದರು. ಮನುಷ್ಯತ್ವ ಎಂದರೆ ಇದು. ಅಂಗಳದಲ್ಲಿ ಬಿದಿರು ಹೆಣೆಯುತ್ತಿದ್ದ ಇವನು ಅವರು ಹೋಗುವವರೆಗೂ ತಲೆ ಎತ್ತಲಿಲ್ಲ. ನಾಚಿಕೆಗೆ ಇನ್ನೊಂದು ಹೆಸರು ನನ್ನ ಗಂಡ.

ಜುಲೈ 3, ಗುರುವಾರ

ಇಬ್ಬರೂ ದೋಣಿಯನ್ನು ಎಳೆದುಕೊಂಡು ಹೋಗಿ ನೀರಿಗೆ ಬಿಟ್ಟೆವು. ಸೊಂಟಕ್ಕೆ ಒಂದೊಂದು ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡೆವು. ಮುಳುಗಿದರೆ ಅದೇ ದೇವರು.

ಹುಟ್ಟು ಹಾಕಿದರೆ ದೋಣಿ ಮುಂದೆ ಹೋಗುವುದಿಲ್ಲ, ಗಾಣದೆತ್ತಿನ ಹಾಗೆ ಸುತ್ತುತ್ತದೆ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಒಗೆಯುವುದನ್ನೇ ಬಿಟ್ಟು ನಿಂತರು. ಗುರುಮಲ್ಲಕ್ಕ ನಗಲಿಲ್ಲ. "ಎಡಕ್ಕ ಎರಡು, ಬಲಕ್ಕ ಎರಡು. ಮೂತಿ ಎಲ್ಲಿಗ ನೋಡ್ತಾ ಅದ ನೋಡ್ಕ" ಅಷ್ಟೇ ಹೇಳುತ್ತಿದ್ದರು. ಮೂತಿ ಅಂದರೆ ದೋಣಿಯ ಮುಂಭಾಗ. ಈ ದೋಣಿಗೆ ಅಲ್ಲಿ ಕಟ್ಟೆಯ ಹಾಗೆ ಸಪಾಟು ಹಲಗೆ, ಅದರ ಮೇಲೆ ತಿರುಗುವ ಕುರ್ಚಿ. ವಯನಾಡಿನ ಯಾವುದೋ ರೆಸಾರ್ಟಿನಲ್ಲಿ ಸಾಹೇಬರು ಕೂತು ಗಾಳ ಹಾಕುತ್ತಿದ್ದದ್ದಂತೆ. ಒಂದು ಕುರ್ಚಿ ಮುರಿದಿದೆ, ಇನ್ನೊಂದು ಇನ್ನೂ ತಿರುಗುತ್ತದೆ.

ಒಂದು ವಿಚಾರ ಇವತ್ತು ಗೊತ್ತಾಯಿತು. ದಡದಲ್ಲಿದ್ದಾಗ ದೋಣಿಯ ಅಂಚು ನನ್ನ ಮೊಣಕಾಲಿಗೆ ಬರುತ್ತದೆ. ಇಬ್ಬರು ಕೂತು ನೀರಿಗೆ ಬಿಟ್ಟರೆ ಅಂಚಿಗೂ ನೀರಿಗೂ ಒಂದು ಗೇಣು. ಕೂತಲ್ಲಿಂದ ಕೈ ಇಳಿಬಿಟ್ಟರೆ ಬೆರಳು ನೆನೆಯುತ್ತದೆ.

ಜುಲೈ 4

ಅಂಗೈ ಎರಡೂ ಬೊಬ್ಬೆ. ಹೂ ಕೀಳಲು ಹೋಗಿದ್ದೆ, ಬುಟ್ಟಿ ಹಿಡಿಯಲಾಗಲಿಲ್ಲ. ಮೇಸ್ತ್ರಿ ಬೈದ. ಮನೆಗೆ ಬಂದರೆ ಒಲೆಯ ಪಕ್ಕ ಒಂದು ಬಟ್ಟಲಲ್ಲಿ ಬೆಚ್ಚಗಿನ ಹರಳೆಣ್ಣೆ ಇತ್ತು. ನಾನು ಇಟ್ಟದ್ದಲ್ಲ. ಹಚ್ಚಿಕೊಂಡೆ. ಕೇಳಲಿಲ್ಲ.

ಜುಲೈ 9, ಬುಧವಾರ

ಈಗ ದೋಣಿ ನನ್ನ ಮಾತು ಕೇಳುತ್ತದೆ. ಬೆಳಗಿನ ಅಲೆಯಿಲ್ಲದ ನೀರಿನಲ್ಲಿ ಬಂಡೆಯವರೆಗೆ ಹೋಗಿಬಂದೆವು. ಗಾಳಿ ಹೇಗೆ ಬರುತ್ತದೆಂದು ಗುರುಮಲ್ಲಕ್ಕ ತೋರಿಸಿದರು. ಮೊದಲು ಏರಿಯ ಮೇಲೆ ದೂಳು ಏಳುತ್ತದೆ. ಆಮೇಲೆ ಆಚೆ ದಡದ ಹೊಂಗೆ ಎಲೆಗಳು ಬೆನ್ನು ತೋರಿಸಿ ಬೆಳ್ಳಗಾಗುತ್ತವೆ. ಅಲ್ಲಿಂದ ಒಂದು ಬೀಡಿ ಸೇದುವಷ್ಟು ಹೊತ್ತು. ಅಷ್ಟರಲ್ಲಿ ಬಂಡೆಯ ಮರೆಗೆ ಸೇರಬೇಕು. ಸೇರಲಾಗದಿದ್ದರೆ ಮಂಡಿಯೂರಿ ಗಾಳಿಗೇ ಮೂತಿ ಕೊಟ್ಟು, ಹುಟ್ಟು ನಿಲ್ಲಿಸದೆ ಹಾಕುತ್ತಲೇ ಇರಬೇಕು.

"ಅಲೆಗ ಪಕ್ಕೆ ಕೊಡ್ಬ್ಯಾಡ ಅಮ್ಮಿ. ಪಕ್ಕೆ ಕೊಟ್ರ ಒಳಿಕ ಬಂದ್ಬುಡ್ತದ."

"ತೆಪ್ಪದಲ್ಲೂ ಹಿಂಗೇನಾ ಅಕ್ಕ?"

ಅವರು ಹುಟ್ಟನ್ನು ಅಂಚಿಗೆ ಒರಗಿಸಿದರು. ಆಮೇಲೆ ಹೇಳಿದರು. ತೆಪ್ಪಕ್ಕೆ ಮೂತಿಯೂ ಇಲ್ಲ ಪಕ್ಕೆಯೂ ಇಲ್ಲ. ಗಾಳಿ ಜೋರಾದರೆ ಹುಟ್ಟು ಒಳಗೆಳೆದುಕೊಂಡು ನಡುವೆ ತಳಕ್ಕೆ ಕುಕ್ಕರಿಸಿಬಿಡಬೇಕು. ಅದು ತಿರುಗಿ ತಿರುಗಿ ಯಾವುದೋ ದಡಕ್ಕೆ ತಾನೇ ಮುಟ್ಟಿಸುತ್ತದೆ. ಹುಟ್ಟಿದ ಮಗುವಿಗೂ ಇಲ್ಲಿ ಇದನ್ನೇ ಕಲಿಸುತ್ತಾರೆ, ಗಾಳಿ ಬಂದರೆ ಕೂತುಬಿಡು ಎಂದು.

"ನಿಮ್ ಬಾವ ಅವತ್ತು ಅದ್ನೇ ಮಾಡ್ಬುಟ್ರು. ಐವತ್ತೊರ್ಸ ಮೈಗ್ ಅತ್ತಿದ್ ಬುದ್ದಿ. ಉಟ್ಟು ಒಳಿಕ್ ಎಳ್ಕಂಡು ಕೂತ್ಬುಟ್ರಂತ. ದೋಣಿ ಪಕ್ಕೆ ತಿರುಗ್ತು. ಮಾದಣ್ಣ ಏಳಣ್ಣಾ, ಉಟ್ಟಾಕಣ್ಣಾ ಅಂತ ಕೂಗ್ದನಂತ. ಕೇಳ್ಸಿದ್ರೂ ಏಳಕಾದದಾ? ಮೂರ್ನೇ ಅಲೆಗ ಮುಗೀತು."

"ಇದ್ನ ಯಾರ್ ಹೇಳಿದ್ರು ನಿಮ್ಗ?"

"ಮಾದಣ್ಣನೇ. ಹಾಲು ತುಪ್ಪ ಬುಟ್ಟ ದಿವ್ಸ ಬಂದು ಕಾಲತ್ರ ಕೂತು ಎಲ್ಲಾನೂ ಏಳ್ದ."

ನನಗೆ ಹೇಳಿಲ್ಲ. ಹೆಂಡತಿಗೆ ಹೇಳಿಲ್ಲ! ಊರೆಲ್ಲ ಮಾದಣ್ಣ ಅಣ್ಣನ ಕೈ ಬಿಟ್ಟು ಬಂದ ಅನ್ನುವಾಗ, ಅಣ್ಣನೇ ತಪ್ಪು ಮಾಡಿದ ಎಂದು ಒಂದು ಮಾತು ಆಡಲಿಲ್ಲ. ಸತ್ತವರ ಮೇಲೆ ತಪ್ಪು ಹೊರಿಸಬಾರದು ಎಂದೇನೋ. ಬದುಕಿರುವವಳ ತಲೆ ಮೇಲೆ ಎಷ್ಟು ಬೇಕಾದರೂ ಹೊರಿಸಬಹುದು.

ಜುಲೈ 10

ಇವನು ಅಷ್ಟು ಹೊತ್ತು ಕೂಗಿದನಂತೆ. ಈಗ ಗಂಟಲಲ್ಲಿ ಮಾತು ಹೊರಡದಿರುವುದು ಅದಕ್ಕೇ ಇರಬಹುದೇ? ಇಲ್ಲ. ಹಿಂದೆಯೂ ಮೂಗನೇ.

ಜುಲೈ 13, ಭಾನುವಾರ

ದೋಣಿ ಮಗುಚಿದ ದಿನ ಕಳೆದುಹೋದ ಹುಟ್ಟಿನ ಬದಲಿಗೆ ಈವರೆಗೆ ಮರದ ಹಲಗೆ ಬಳಸುತ್ತಿದ್ದೆವು. ಒಳ್ಳೆಯದೊಂದು ತರೋಣವೆಂದು ತೆರಕಣಾಂಬಿ ಮೇಲೆ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋದೆ. ಊಟಿ ರಸ್ತೆಯಲ್ಲಿ ಹಳೆಯ ಸಾಮಾನಿನ ಅಂಗಳ, ಕೇರಳದ ಕಾಕನದು. ದೋಣಿ ತಂದದ್ದೂ ಅಲ್ಲಿಂದಲೇ. ಬಾಗಿಲಲ್ಲಿ ಕಾಲಿಟ್ಟದ್ದೇ ತಡ, ಕಾಕ ಗುರುತು ಹಿಡಿದ.

"ಕೆಂಪು ದೋಣಿ ಚೇಚಿ ಅಲ್ವಾ! ಹೇಗುಂಟು ದೋಣಿ?"

ಇದೆ ಅಂದೆ.

"ನಿಮ್ಮ ಚೇಟನ್, ಯಜಮಾನರು, ಆ ಬೂದಿ ಬಣ್ಣದ ದೋಣಿಯಿಂದ ಕದಲ್ತಾನೇ ಇರ್ಲಿಲ್ಲ. ಒಳಗಿಳಿದು ನಿಲ್ತಾರೆ, ಅಂಚು ಬಡೀತಾರೆ, ಮತ್ತೆ ನಿಲ್ತಾರೆ. ನೀವು ಕೈ ಹಿಡಿದು ಎಳ್ಕೊಂಡು ಹೋದ್ರಿ. ನಾನು ಎಲ್ಲರಿಗೂ ಹೇಳ್ತೇನೆ, ಬೋಟ್ ಸೆಲೆಕ್ಟ್ ಮಾಡಿದ ಲೇಡಿ ನಾನು ನೋಡಿದ್ದು ಅವರೊಬ್ಬರೇ ಅಂತ."

ಬೂದಿ ಬಣ್ಣದ್ದು ಏನಾಯಿತು ಎಂದು ಕೇಳಬಾರದಿತ್ತು, ಕೇಳಿದೆ. ಹಿನ್ನೀರಿನ ಕಡೆಯವರು ಒಯ್ದರಂತೆ. ಎಂಥ ಗಾಳಿಗೂ ಜಗ್ಗುವುದಿಲ್ಲವಂತೆ.

ಹುಟ್ಟು ತೆಗೆದುಕೊಂಡು ಬಂದೆ.

ಬಣ್ಣ ಹೇಳಿದ್ದು ನಾನು, ಒಪ್ಪಿದ್ದು ಅವನು. ಗಂಡಸಿಗೆ ಬಾಯಿರಲಿಲ್ಲವೆ? ಬೇಡ ಅನ್ನಬಹುದಿತ್ತು. ಅಂದಿದ್ದ, ನಿಜ. "ಅಂಚು ಸಾಲದು ಕಣ" ಅಂದಿದ್ದ, ಒಂದೇ ಸಲ. ಅದಕ್ಕೆ ನಾನು, ಆ ಬೂದಿ ಬಣ್ಣದ್ದು ಹಂದಿ ತೊಟ್ಟಿ ಇದ್ದಂಗದ, ಅದರಲ್ಲಿ ಕೂತು ತೇಪೆ ಎಣಿಸುತ್ತ ಕೂರು ಎಂದೆ. ಅದೂ ನಿಜ. ಆದರೆ ಹೆಂಡತಿ ಅಂದ ತಕ್ಷಣ ಕುರಿಯ ಹಾಗೆ ಹಿಂದೆ ಬರುವುದೆ? ನೀರಿನ ವಿಷಯ ಗೊತ್ತಿದ್ದವನು ಅವನೋ ನಾನೋ?

ದೋಣಿಯನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ತರುವಾಗ ತಿರುಗುವ ಕುರ್ಚಿಯಲ್ಲಿ ಕೂತು ತೆಗೆಸಿಕೊಂಡ ಫೋಟೋ ಫೋನಿನಲ್ಲಿ ಇನ್ನೂ ಇದೆ. ತಂಗಿ ವನಿತಾಳಿಗೆ ಕಳಿಸಿದ್ದೆ. ಅವಳ ಗಂಡನಿಗೆ ಸಂಬಳದ ಕೆಲಸ, ಮನೆಗೆ ಗ್ರಾನೈಟ್ ನೆಲ. ನಮ್ಮದೂ ಒಂದಿರಲಿ ಎಂದು ಕಳಿಸಿದೆ. "ಸೂಪರ್ ಅಕ್ಕ" ಎಂದು ಬಂದಿತ್ತು. ಫೋಟೋದ ಮೂಲೆಯಲ್ಲಿ ಇವನು ಅಂಚಿನ ಮೇಲೆ ಕೈ ಇಟ್ಟು, ಅಳತೆ ನೋಡುವ ಹಾಗೆ ಬೆರಳು ಅಗಲಿಸಿ ನಿಂತಿದ್ದಾನೆ. ಇವತ್ತು ಕಣ್ಣಿಗೆ ಬಿತ್ತು.

ಜುಲೈ 16

ತೆಪ್ಪಕ್ಕೆ ಟಾರ್ಪಾಲು ಹೊಲಿದು ಡಾಂಬರು ಬಳಿಯುತ್ತಿದ್ದಾನೆ. ಮನೆಯೆಲ್ಲ ರಸ್ತೆಯ ವಾಸನೆ. ಅನ್ನಕ್ಕೂ ಅದೇ ವಾಸನೆ. ಬೈಯಲು ಹೋಗಿ, ಯಾಕೋ ಬೈಯಲಿಲ್ಲ. ತೆಪ್ಪದ ಅಂಚು ಸೊಂಟದವರೆಗೆ ಇದೆ.

ಜುಲೈ 19, ಶನಿವಾರ

ಅಕ್ಷರ ಹೇಗೆ ಬಂದರೂ ಸರಿ, ಇದನ್ನು ಬರೆದೇ ಮಲಗಬೇಕು.

ಇವತ್ತು ಗುರುಮಲ್ಲಕ್ಕ ಬೆಳಿಗ್ಗೆ ಬೇಡ, ಹನ್ನೊಂದು ಗಂಟೆಗೆ ಬಾ ಅಂದಿದ್ದರು. ಆಷಾಢದಲ್ಲಿ ಹನ್ನೊಂದರ ಮೇಲೆ ಯಾರೂ ನೀರಿಗೆ ಇಳಿಯುವುದಿಲ್ಲ. ಇಪ್ಪತ್ತಾರಕ್ಕೆ ಕಮಿಟಿಯವರು ಯಾವ ಹೊತ್ತಿಗೆ ಬರುತ್ತಾರೋ, ಅಭ್ಯಾಸ ಇರಲಿ ಎಂದರು. ನಂಬಿದೆ.

ಬಂಡೆಗೆ ಅರ್ಧ ದಾರಿಯಲ್ಲಿ ಏರಿಯ ಮೇಲೆ ದೂಳು ಎದ್ದಿತು. "ಅಕ್ಕ, ದೂಳು. ವಾಪಸ್ ಓಗನ" ಅಂದೆ. "ಇನ್ನೊಸಿ ದೂರ" ಅಂದರು. ಹೊಂಗೆ ಬೆಳ್ಳಗಾಯಿತು. "ಅಕ್ಕಾ!" ಅಂದೆ. "ಇನ್ನೊಸಿ."

ಗಾಳಿ ಬಂತು. ಡ್ಯಾಮಿನ ನೀರು ಹೀಗೆ ಏಳುವುದನ್ನು ದಡದಿಂದ ನೂರು ಸಲ ನೋಡಿದ್ದೇನೆ. ಅದರ ಮೇಲೆ ಕೂತು ನೋಡುವುದು ಬೇರೆ. ನಾನು ಮಂಡಿಯೂರಿ ಮೂತಿ ತಿರುಗಿಸಿದೆ. ಎಡಕ್ಕೆ ಎರಡು, ಬಲಕ್ಕೆ ಎರಡು. ಮೂತಿ ಏರುತ್ತದೆ, ದಬ್ಬೆಂದು ಬೀಳುತ್ತದೆ, ಮುಂದಿನ ಕುರ್ಚಿ ತಾನೇ ಗಿರಗಿರ ತಿರುಗುತ್ತದೆ. ಆದರೂ ಹಿಡಿದೆ, ದೇವರಾಣೆ ಹಿಡಿದಿದ್ದೆ, ದೋಣಿ ನೆಟ್ಟಗೆ ನಿಂತಿತ್ತು.

ಆಗ ಹಿಂದೆ ಗುರುಮಲ್ಲಕ್ಕನ ಹುಟ್ಟಿನ ಸದ್ದು ನಿಂತಿತು. ತಿರುಗಿ ನೋಡಿದೆ. ಅವರು ಹುಟ್ಟನ್ನು ಒಳಗೆಳೆದುಕೊಂಡು ತಳಕ್ಕೆ ಕುಕ್ಕರಿಸಿ ಕೂತಿದ್ದರು. ನನ್ನನ್ನೇ ನೋಡುತ್ತಿದ್ದರು.

"ಅಕ್ಕ ಏಳಿ! ಹುಟ್ಟಾಕಿ!"

ಏಳಲಿಲ್ಲ. ನನ್ನೊಬ್ಬಳ ಹುಟ್ಟಿಗೆ ದೋಣಿ ಬಗ್ಗಲಿಲ್ಲ. ಪಕ್ಕೆ ತಿರುಗಿತು. ಮೊದಲ ಅಲೆ ಆ ಅಂಚನ್ನು ಹೊಸ್ತಿಲು ದಾಟುವ ಹಾಗೆ ದಾಟಿ ನನ್ನ ತೊಡೆಯ ಮೇಲೆ ಬಂದು ಕೂತಿತು. ಎರಡನೆಯದಕ್ಕೆ ದೋಣಿ ಅರ್ಧ ತುಂಬಿತು. ನಾನು ಕೂಗುತ್ತಲೇ ಇದ್ದೆ. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

"ನೋಡ್ಕಂಡ್ಯಾ?" ಅಂದರು. ಅದು ಮಾತ್ರ ನೆಟ್ಟಗೆ ಕೇಳಿಸಿತು.

ಆಮೇಲೆ ಎದ್ದು ಹುಟ್ಟು ಹಾಕಿದರು. ಆ ಮುದಿ ತೋಳಿನಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ. ನಾಲ್ಕು ಎಳೆತಕ್ಕೆ ಮೂತಿ ಗಾಳಿಗೆ ಬಂತು. ನಾನು ಹುಟ್ಟು ಹಾಕುವುದು, ಅವರು ಚೊಂಬಿನಲ್ಲಿ ನೀರು ಚೆಲ್ಲುವುದು, ಹಾಗೇ ಬಂಡೆಯ ಮರೆಗೆ ಸೇರಿದೆವು. ಗಾಳಿ ಇಳಿಯುವ ಗಂಟ ಬಂಡೆಗೆ ಆತುಕೊಂಡು ಕೂತೆವು.

"ಸಾಯಿಸ್ಬೇಕು ಅಂತ ಕರ್ಕಬಂದ್ರಾ?" ಎಂದು ಕೇಳಿದೆ.

"ಸಾಯ್ಸಂಗಿದ್ರ ಎದ್ದೇಳ್ತಿದ್ನಾ? ನಿಂಗ ಗೊತ್ತಾಗ್ಲಿ ಅಂತ ಕರ್ಕಬಂದಿ. ಬಾಯಲ್ಲೇಳಿದ್ರ ಗೊತ್ತಾಗದಲ್ಲ ಇದು."

"ಏನ್ ಗೊತ್ತಾಗ್ಬೇಕು?"

ಅವರು ದೋಣಿಯ ಅಂಚಿಗೆ ಅಂಗೈಯಿಂದ ಎರಡು ಸಲ ಬಡಿದರು.

"ನೀರ್ನಾಗ ಉಟ್ಟಿ ನೀರ್ನಾಗ ಬೆಳ್ದೋನು ಇಂಥಾ ಅಂಚಿನ್ ದೋಣಿ ಆರ್ಸಾನಾ ಅಮ್ಮಿ? ಟ್ರ್ಯಾಕ್ಟ್ರಿಂದ ಇಳಿಸ್ದಾಗ್ಲೇ ನಿಮ್ ಬಾವಂಗೂ ಗೊತ್ತಾಯ್ತು, ಕೇರಿಗೆಲ್ಲಾ ಗೊತ್ತಾಯ್ತು. ಯಾರ್ಲಾ ಆರ್ಸಿದ್ದು ಅಂತ ಕೇಳಿದ್ರ, ನಾನೇ ಆರ್ಸ್ದಿ ಕಣಣ್ಣ ಅಂದ ಮಾದಣ್ಣ. ತಮ್ಮ ಎಂಡ್ತಿ ಮಾನ ಕಾಯ್ತಾವ್ನೆ, ನಾವ್ಯಾಕ ಕೆದ್ಕನ ಅಂದ್ರು ಇವ್ರು. ಊಂ ಅಂದ್ಬುಟ್ಟೊ."

ಬಂಡೆಯ ಆಚೆ ಗಾಳಿ ಊಳಿಡುತ್ತಿತ್ತು.

"ಸತ್ ಮ್ಯಾಲೂ ಊಂ ಅಂತಾನೇ ಇದ್ದಿ. ನೀ ಜಗಲಿ ಮ್ಯಾಲ ನಿಂತ್ಕಂಡು ಇವ್ನು ತಂದ್ ದೋಣಿ, ಇವ್ನು ತಂದ್ ದೋಣಿ ಅಂತ ಬೀದಿ ಕೇಳಂಗ ಬೈತಿದ್ದಲ್ಲ, ಅದ್ನ ಕೇಳಕಾಗ್ನಿಲ್ಲ ನಂಗ."

ಗಾಳಿ ಇಳಿದ ಮೇಲೆ ನಾನು ಹುಟ್ಟು ಎತ್ತಿಕೊಂಡೆ. ದಡಕ್ಕೆ ಬಂದಾಗ ಮೂರು ಗಂಟೆ. ಇವನು ದಡದಲ್ಲಿ ನಿಂತಿದ್ದ, ಕುತ್ತಿಗೆಯವರೆಗೆ ನೆನೆದು. ಎಷ್ಟು ದೂರ ಇಳಿದಿದ್ದನೋ, ಎಷ್ಟು ಹೊತ್ತು ನಿಂತಿದ್ದನೋ. ನಮ್ಮನ್ನು ನೋಡಿ ತಿರುಗಿ ಮನೆಯ ಕಡೆ ನಡೆದ.

ಜುಲೈ 20

ಗಾಳಿ. ಕೂಲಿಗೆ ಹೋಗಲಿಲ್ಲ.

ಜುಲೈ 21

ಫೋಟೋ ಅಳಿಸಲು ಹೋದೆ. ಅಳಿಸಲಿಲ್ಲ. ಇರಲಿ, ನೋಡಿಕೊಳ್ಳಲಿಕ್ಕೆ.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದಳಂತೆ. ನಮ್ಮವ್ವ ಬೇರೆಯವರ ಮನೆಯ ಹೆಂಗಸರನ್ನು ಆಡಿಕೊಳ್ಳುವಾಗ ಹೇಳುತ್ತಿದ್ದ ಮಾತು.

ಜುಲೈ 24, ಗುರುವಾರ, ಭೀಮನ ಅಮಾವಾಸ್ಯೆ

ಗಂಡನ ಪಾದ ತೊಳೆದು ಪೂಜೆ ಮಾಡುವ ಹಬ್ಬ. ಹೋದ ವರ್ಷ ಮಾಡಿರಲಿಲ್ಲ. ಆಗ ಸಾವಾಗಿ ಮೂರು ವಾರ ಆಗಿರಲಿಲ್ಲ, ಸೂತಕ ಕಳೆದಿದ್ದರೂ ಯಾವ ಮುಖಕ್ಕೆ ಪೂಜೆ ಎಂದು ತಟ್ಟೆಯನ್ನು ಮೂಲೆಗೆ ಎಸೆದಿದ್ದೆ. ಇವತ್ತು ಹಲಗೆ ಹಾಕಿದೆ. "ಬಾ ಕೂತ್ಕ" ಅಂದೆ. ಬಂದು ಕೂತರು.

ನೀರು ಹಾಕಿ ಉಜ್ಜುವಾಗ ಬಲಗಾಲಿನ ಗಿಣ್ಣಿನ ಸುತ್ತ ಒಂದು ಗೆರೆ ಕಂಡಿತು. ಚರ್ಮ ಕಿತ್ತು ಮತ್ತೆ ಬಂದ ಗೆರೆ, ಬಳೆಯ ಹಾಗೆ ಸುತ್ತಲೂ. ಒಂದು ವರ್ಷ ಈ ಕಾಲು ಈ ಮನೆಯಲ್ಲೇ ಓಡಾಡಿದೆ.

"ಇದೇನು?"

"ಬಲೆ ಅಗ್ಗ."

"ಹಗ್ಗ ಕಾಲಿಗ್ಯಾಕ ಬಂತು?"

ಕಾಲ ಕೆಳಗಿನ ನೀರನ್ನೇ ನೋಡುತ್ತ ಹೇಳಿದರು. "ಅಣ್ಣಂಗೆ ಕಟ್ಟಿ ಕಾಲಿಗ್ ಸುತ್ಕಂಡು ಈಜ್ತಿದ್ದಿ. ದಡ ಸಿಕ್ತು. ಅಣ್ಣ ಅಷ್ಟೊತ್ಗೇ ಇರ್ನಿಲ್ಲ."

ಕೈ ಬಿಟ್ಟು ಬಂದ ಅಂದಿತ್ತಲ್ಲ ಊರು. ಊರಿನ ಮಾತು ಯಾಕೆ, ನಾನೇ ಅಂದಿದ್ದೆ, ಮಾರ್ಚ್ ತಿಂಗಳಲ್ಲಿ, ಒಲೆಯ ಮುಂದೆ ಕೂತು, ಇವರ ಎಲೆಗೆ ಮುದ್ದೆ ಹಾಕುತ್ತ. ಆಗ ಎಲೆ ಬಿಟ್ಟು ಏಳಲೂ ಇಲ್ಲ, ತಿಂದರು.

ಅರಿಶಿನ ಆ ಗೆರೆಯ ಮೇಲೂ ಹಚ್ಚಿದೆ.

ಜುಲೈ 26, ಶನಿವಾರ

ಕಮಿಟಿಯವರು ಹತ್ತು ಗಂಟೆಗೆ ಬಂದರು. ಶಂಭುಲಿಂಗಪ್ಪ ಛತ್ರಿ ಹಿಡಿದು ರಿಜಿಸ್ಟರ್ ಬಿಚ್ಚಿದ. ಸುನೀಲ್ ಕುಮಾರ್ ಬೈಕಿನ ಮೇಲೆ ಕೂತೇ ಇದ್ದ, ಇನ್ನೇನು ಸಿಕ್ಕೇಬಿಟ್ಟಿತು ಎಂಬ ಹಾಗೆ ಹಲ್ಲು ಕಿರಿಯುತ್ತ. ಕೇರಿಯೆಲ್ಲ ದಡದ ಮೇಲಿತ್ತು.

ನಾನು ಕ್ಯಾನು ಕಟ್ಟಿಕೊಂಡು ಬಂದಿದ್ದೆ. ಹೋಗಬಲ್ಲೆ, ಅದು ನನಗೆ ಗೊತ್ತಿತ್ತು. ಗಾಳಿ ಇನ್ನೂ ಎದ್ದಿರಲಿಲ್ಲ, ಬಂಡೆ ಸುತ್ತಿ ಬರುವುದು ದೊಡ್ಡ ಮಾತಲ್ಲ.

"ಯಾವ್ದ್ರಲ್ಲಿ ಓಯ್ತೀಯಮ್ಮ, ದೋಣೀಲೋ ತೆಪ್ಪದಲ್ಲೋ? ಬರ್ಕಬೇಕು" ಅಂದ ಶಂಭುಲಿಂಗಪ್ಪ.

ದಡದಲ್ಲಿ ಎರಡೂ ಇದ್ದವು. ಕೆಂಪು ದೋಣಿಯನ್ನು ನಾನು ತಂದಿದ್ದೆ, ಹೊಸ ತೆಪ್ಪವನ್ನು ಬೆಳಿಗ್ಗೆ ಇವರು ತಲೆಯ ಮೇಲೆ ಹೊತ್ತು ತಂದಿದ್ದರು. ನನ್ನ ಬಾಯಿಗೆ ಉತ್ತರ ಬಂದಿತ್ತು, ಯಾವಾಗಲೂ ಮೊದಲು ನನ್ನ ಬಾಯಿಗೇ ಬರುತ್ತದೆ. ಹಲ್ಲು ಕಚ್ಚಿ, "ಅವ್ರನ್ನ ಕೇಳಿ" ಅಂದೆ.

ಇವರು ನನ್ನ ಮುಖ ನೋಡಿದರು. ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಅಂದೆ. "ನಿನ್ನೇ ಕೇಳ್ತಾವ್ರೆ. ಯೋಳು."

ಇವರು ತೆಪ್ಪದ ಹತ್ತಿರ ಹೋಗಿ ಅದನ್ನು ಮಗುಚಿ ನೀರಿನ ಅಂಚಿಗೆ ಇಟ್ಟರು. ಹುಟ್ಟನ್ನು ಒಳಗಿಟ್ಟರು. ಆಮೇಲೆ ಜನರ ನಡುವೆ ನಿಂತಿದ್ದ ಗುರುಮಲ್ಲಕ್ಕನ ಕಡೆ ತಿರುಗಿದರು.

"ಅತ್ಗೆಮ್ಮ, ಇದು ನಿಮ್ದು. ಶಂಭುಲಿಂಗಪ್ಪಾರೇ, ನಮ್ ಮನೆ ಪಾಸ್ನ ಅತ್ಗೆಮ್ಮನ ಎಸ್ರಿಗ ಬರ್ಕಳಿ. ಅಣ್ಣನೂ ನಾನೂ ಒಂದೇ ಮನ್ಯವ್ರು. ಬಂಡೆ ಸುತ್ಕ ಬರಾದು ಅವ್ರು."

ಸುನೀಲ್ ಕುಮಾರ್ ಬೈಕಿನಿಂದ ಇಳಿದ. ಶಂಭುಲಿಂಗಪ್ಪ, ರೂಲ್ಸು, ಅದು, ಇದು ಎಂದು ತೊದಲಿದ. ಕೇರಿಯವರು ಒಂದೇ ಸಮನೆ, "ದೊಡ್ಡಪ್ಪನ್ ಮಗ ಮನೇವ್ನಲ್ವಾ, ಬರೀರಿ ಸ್ವಾಮಿ" ಅಂದರು. ಬರೆದುಕೊಂಡ.

ಹಾಗಾದರೆ ಒಂದು ತಿಂಗಳಿಂದ ಅಂಗಳದಲ್ಲಿ ಕಟ್ಟುತ್ತಿದ್ದದ್ದು ಇದು. ನಾನು ಬೈದ ಪ್ರತಿಯೊಂದು ಬೈಗುಳದ ಕೆಳಗೆ ಒಂದೊಂದು ಬಿದಿರು ಹೆಣೆಯುತ್ತ ಹೋಗಿದ್ದರು. ನಮ್ಮ ಪಾಸು ಹೋಯಿತು. ನಾಳೆಯಿಂದ ಮತ್ತೆ ಚೆಂಡುಹೂ. ಒಂದು ತಿಂಗಳ ಹಿಂದೆ ಆಗಿದ್ದರೆ ದಡದ ಮೇಲೆಯೇ ಇವರ ಜುಟ್ಟು ಹಿಡಿಯುತ್ತಿದ್ದೆ.

"ಜೊತೆಗ್ಯಾರು?" ಎಂದು ಶಂಭುಲಿಂಗಪ್ಪ ಕೇಳಿದ. ನಾನು ಒಂದು ಹೆಜ್ಜೆ ಮುಂದೆ ಬಂದೆ. ಕ್ಯಾನು ಕಟ್ಟಿಕೊಂಡೇ ಇದ್ದೆನಲ್ಲ.

ಗುರುಮಲ್ಲಕ್ಕ ನನ್ನನ್ನು ನೋಡಿದರು. "ಒಬ್ಳೇ ಆಯ್ತದ" ಅಂದರು.

ತೆಪ್ಪಕ್ಕೆ ಹತ್ತಿದರು. ಹೋದರು, ಬಂಡೆ ಸುತ್ತಿದರು, ಬಂದರು. ಸೀರೆಯ ಅಂಚೂ ನೆನೆದಿರಲಿಲ್ಲ.

ಜುಲೈ 28, ಸೋಮವಾರ

ಕೂಲಿಯಿಂದ ಬಂದು ಕೆಂಪು ದೋಣಿಯನ್ನು ನಾನೊಬ್ಬಳೇ ಕೊಟ್ಟಿಗೆಯ ಹಿಂದಕ್ಕೆ ಎಳೆದೆ. ತಿರುಗುವ ಕುರ್ಚಿಯನ್ನು ಮಚ್ಚಿನಲ್ಲಿ ಹೊಡೆದು ಕಿತ್ತೆ. ದೋಣಿಯನ್ನು ನೆಟ್ಟಗೆ ಕೂರಿಸಿ, ಎರಡು ಕಡೆ ಕಲ್ಲು ಕೊಟ್ಟು, ಬೋರ್‌ವೆಲ್ ಪೈಪು ಬಿಟ್ಟು ನೀರು ತುಂಬಿದೆ. ಎಮ್ಮೆ ಬಂದು ಮೂತಿ ಇಟ್ಟಿತು. ಮೂರು ತಿಂಗಳ ಕರು ಕೂಡ ಕತ್ತು ಚಾಚದೆ ಕುಡಿಯಿತು. ಅಂಚು ಅದಕ್ಕೆ ಸರಿಯಾಗಿದೆ.

ಇವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇದ್ನ ಆರ್ಸಿದ್ದು ನಾನು" ಅಂದೆ. ಬಾಯಲ್ಲಿ ಇದನ್ನು ಹೇಳಲು ನನಗೆ ಒಂದು ವರ್ಷ ಹತ್ತು ದಿನ ಹಿಡಿಯಿತು.

ಅವರು ಕರುವಿನ ಬೆನ್ನು ಸವರಿದರು.

"ಊಂ" ಅಂದರು.